ಬಣ್ಣದ ಗೋಸುಂಬೆ ಮನೆಗೆ ತರುವ ಮುನ್ನ: ಅಪರೂಪದ ತಳಿ, ವಂಶ, ಕಾಗದಪತ್ರ, ಆರೈಕೆಯ ಸಮಗ್ರ ಮಾರ್ಗದರ್ಶಿ

ಮುಂಬೈ ಮುಲುಂಡಿನ ನಮ್ಮ ಮನೆಯಲ್ಲಿ ಸಂಜೆ ಏಳೂವರೆಗೆ ಪಂಜರದ ದೀಪ ಆರುತ್ತದೆ. ಅರ್ಧ ಗಂಟೆ ಬಿಟ್ಟು ನಾನು ಸಣ್ಣ ಟಾರ್ಚ್ ಹಿಡಿದು ಹೋಗಿ ಒಂದು ಸಲ ಇಣುಕುತ್ತೇನೆ. ದಾಸವಾಳದ ತುದಿ ಟೊಂಗೆಯಲ್ಲಿ ನಮ್ಮ ಗಂಡು ಪ್ಯಾಂಥರ್ ಗೋಸುಂಬೆ ಬಾಲವನ್ನು ಚಕ್ಕುಲಿಯ ಹಾಗೆ ಸುತ್ತಿಕೊಂಡು ಮಲಗಿರುತ್ತದೆ. ಹಗಲಿನ ಹಳದಿಯೆಲ್ಲ ತಿಳಿಯಾಗಿರುತ್ತದೆ. ಪಕ್ಕೆಯ ನೀಲಿ ಪಟ್ಟೆಗಳು ಹತ್ತಾರು ಸಲ ಒಗೆದ ಅಂಗಿಯ ಜೇಬಿನ ಶಾಯಿ ಕಲೆಯಷ್ಟು ಮಾತ್ರ ಉಳಿದಿರುತ್ತವೆ. ಮಲಗಿದ ಹೊತ್ತಿನಲ್ಲೂ ಮೈ ಕಂದಾಗಿದ್ದರೆ, ಟಾರ್ಚಿನ ಬೆಳಕಿಗೆ ಕಪ್ಪು ಮಚ್ಚೆಗಳು ಎದ್ದು ಕಂಡರೆ, ಮರುದಿನ ಬೆಳಿಗ್ಗೆ ನನ್ನ ಮೊದಲ ಕೆಲಸ ಅದನ್ನು ತೂಕಕ್ಕೆ ಹಾಕುವುದು.

ಬಣ್ಣದ ಗೋಸುಂಬೆ ಬೇಕು ಎಂದು ನನ್ನ ಹತ್ತಿರ ಬರುವವರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸುತ್ತಾರೆ. ಅದರಲ್ಲಿ ಗಂಡು ಗೋಸುಂಬೆ ಕೆಂಪು, ಹಳದಿ, ನೀಲಿ ಎಲ್ಲ ಒಟ್ಟಿಗೆ ಹೊತ್ತಿ ಉರಿಯುವ ಹಾಗೆ ಕಾಣುತ್ತದೆ. ಮೈ ಚಪ್ಪಟೆ ಮಾಡಿ, ಗಂಟಲು ಉಬ್ಬಿಸಿ, ಬಾಯಿ ತೆರೆದಿರುತ್ತದೆ. ಅದು ಸಿಟ್ಟಿನ ಬಣ್ಣ. ಕ್ಯಾಮೆರಾ ಹಿಂದೆ ಯಾರೋ ಕನ್ನಡಿ ಹಿಡಿದಿರುತ್ತಾರೆ, ಇಲ್ಲವೇ ಇನ್ನೊಂದು ಗಂಡನ್ನು ತೋರಿಸಿರುತ್ತಾರೆ. ನೀವು ಐದಾರು ವರ್ಷ ಜೊತೆಗೆ ಬದುಕುವುದು ಆ ಬಣ್ಣದ ಜೊತೆ ಅಲ್ಲ, ಅದರ ನೆಮ್ಮದಿಯ ಬಣ್ಣದ ಜೊತೆ. ಕೊಳ್ಳುವುದಿದ್ದರೆ ಅದನ್ನೇ ನೋಡಿ ಕೊಳ್ಳಬೇಕು. ಈ ಬರಹದ ಉದ್ದಕ್ಕೂ ನಾನು ಹೇಳುವುದು ಇದನ್ನೇ.

ಹೆಜ್ಜೆ 1: ಬಣ್ಣ ಹೇಗೆ ಹುಟ್ಟುತ್ತದೆ ಎಂದು ತಿಳಿಯಿರಿ

ಗೋಸುಂಬೆ ಎಲೆಯ ಮೇಲೆ ಕೂತರೆ ಹಸಿರು, ಮಣ್ಣಿನ ಮೇಲೆ ಕೂತರೆ ಕಂದು ಆಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಅದು ಬಣ್ಣ ಬದಲಿಸುವುದು ಮುಖ್ಯವಾಗಿ ಮನಃಸ್ಥಿತಿ, ಬಿಸಿಲು ಮತ್ತು ಆರೋಗ್ಯವನ್ನು ಅನುಸರಿಸಿ. ಚಳಿಯಾದರೆ ಬಿಸಿಲು ಹೀರಲು ಕಪ್ಪಾಗುತ್ತದೆ, ಬಿಸಿ ಹೆಚ್ಚಾದರೆ ತಿಳಿಯಾಗುತ್ತದೆ.

2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಪ್ಯಾಂಥರ್ ಗೋಸುಂಬೆಯ ಚರ್ಮ ಪರೀಕ್ಷಿಸಿ ಇದರ ಒಳಗುಟ್ಟನ್ನು ತೋರಿಸಿದರು. ಚರ್ಮದ ಮೇಲುಭಾಗದಲ್ಲಿ ಹಳದಿ ವರ್ಣದ್ರವ್ಯದ ಕೋಶಗಳಿವೆ. ಅದರ ಕೆಳಗಿನ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳು ಜಾಲರಿಯಂತೆ ಜೋಡಿಸಿಕೊಂಡಿವೆ. ಪ್ರಾಣಿ ಶಾಂತವಾಗಿದ್ದಾಗ ಹರಳುಗಳು ಒತ್ತಾಗಿದ್ದು ನೀಲಿ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಆ ನೀಲಿ ಮೇಲಿನ ಹಳದಿಯ ಮೂಲಕ ಹಾಯ್ದು ನಮಗೆ ಹಸಿರಾಗಿ ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚುತ್ತದೆ, ಹಸಿರು ಇದ್ದಲ್ಲಿ ಹಳದಿ, ಕಿತ್ತಳೆ ಬರುತ್ತದೆ, ನೀಲಿ ಇದ್ದಲ್ಲಿ ಬಿಳಿಚು. ಕೆಂಪು ಇನ್ನಷ್ಟು ಹೊಳೆಯುತ್ತದೆ.

ಇದು ತಿಳಿದಿದ್ದರೆ ಮಾರುವವರ ವಿಡಿಯೊ ಓದಲು ಬರುತ್ತದೆ. ಹಳದಿ ಮೈಯ ಗಂಡು ಎಂದು ತೋರಿಸಿದ್ದು ನೆಮ್ಮದಿಯಲ್ಲಿ ಹಸಿರು ಮೈಯದ್ದಾಗಿರಬಹುದು. ನೀಲಿ ಪಟ್ಟೆ ನೆಮ್ಮದಿಯಲ್ಲಿ ಆಳವಾಗಿ, ಕೆರಳಿದಾಗ ತಿಳಿಯಾಗಿ ಕಂಡರೆ ಆ ನೀಲಿ ಹುಟ್ಟಿನದು.

ಹೆಜ್ಜೆ 2: ಯಾವ ಊರಿನ ಬಣ್ಣ ಬೇಕು ಎಂದು ನಿರ್ಧರಿಸಿ

ಅಪರೂಪದ ಬಣ್ಣ ಎಂದಾಗ ಸಂಗ್ರಹಕಾರರು ಹೆಚ್ಚಾಗಿ ಹೇಳುವುದು ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯನ್ನು, ಶಾಸ್ತ್ರೀಯ ಹೆಸರು ಫರ್ಸಿಫರ್ ಪಾರ್ಡಾಲಿಸ್. ನಮ್ಮಲ್ಲಿ ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ ಎನ್ನುವಂತೆ ಅಲ್ಲಿ ಬಣ್ಣಕ್ಕೆ ಊರಿನ ಹೆಸರೇ ಹೆಸರು. ಆ ದ್ವೀಪದ ಉತ್ತರ ಮತ್ತು ಪೂರ್ವ ಕರಾವಳಿಯಲ್ಲಿ ನದಿ ದಾಟಿದರೆ, ಬೆಟ್ಟ ಇಳಿದರೆ ಗಂಡಿನ ಬಣ್ಣ ಬೇರೆ.

ಉತ್ತರದ ಅಂಬಿಲೊಬೆ ಊರಿನವು ಎಲ್ಲಕ್ಕಿಂತ ಜನಪ್ರಿಯ. ಅವುಗಳಲ್ಲಿ ಪಟ್ಟೆ ನೀಲಿಯೂ ಇರುತ್ತದೆ, ಕೆಂಪೂ ಇರುತ್ತದೆ, ಮೈ ಹಸಿರು, ಹಳದಿ, ಕೆಂಪು ಹೀಗೆ ಬದಲಾಗುತ್ತದೆ. ಹಳದಿ ಮೈಗೆ ಸ್ಪಷ್ಟ ನೀಲಿ ಪಟ್ಟೆ ಬಂದದ್ದಕ್ಕೆ ಬೆಲೆ ಹೆಚ್ಚು. ವಾಯವ್ಯದ ಅಂಬಾಂಜಾದವು ಹಸಿರು-ನೀಲಿ ಮೈಯ, ಗಾಢ ನೀಲಿ ಅಥವಾ ನೇರಳೆ ಪಟ್ಟೆಯ, ಕಣ್ಣಿನ ಸುತ್ತ ಕೆಂಪು ಗೆರೆಗಳ ಗೋಸುಂಬೆಗಳು. ನೋಸಿ ಎಂದರೆ ಮಲಗಾಸಿ ಭಾಷೆಯಲ್ಲಿ ದ್ವೀಪ. ನೋಸಿ ಬೆಯ ಗಂಡು ಮೈಯೆಲ್ಲ ಒಂದೇ ಹದದ ನೀಲಿ-ಹಸಿರು, ತುಟಿಯ ಅಂಚು ಮಾತ್ರ ಹಳದಿ. ಪಕ್ಕದ ನೋಸಿ ಫಾಲಿಯದ್ದು ಬೂದು ಬಿಳಿ ಮೈಯ ಮೇಲೆ ನೀಲಿ ಪಟ್ಟೆ. ನೋಸಿ ಮಿತ್ಸಿಯೊದ್ದು ಹಳದಿ-ಹಸಿರು. ಅಂಕರಾಮಿಯದ್ದು ಗುಲಾಬಿ ಮೈ, ಬಿಳಿ ಗೆರೆ. ಪೂರ್ವಕ್ಕೆ ಬಂದರೆ ಸಾಂಬಾವಾದಲ್ಲಿ ಹಸಿರಿನ ಮೇಲೆ ಕಿತ್ತಳೆ ಮತ್ತು ಕೆಂಪು ಹರಡುತ್ತದೆ, ತಮಟಾವ್ ಬಂದರಿನ ಕಡೆ ಕೆಂಪು ಪಟ್ಟೆ, ಬಿಳಿ ಮಚ್ಚೆ.

ನನ್ನ ಅಭಿಪ್ರಾಯದಲ್ಲಿ ಮೊದಲ ಸಲ ತರುವವರಿಗೆ ಅಂಬಿಲೊಬೆ ಅಥವಾ ನೋಸಿ ಬೆ ಸಾಕು. ನೋಸಿ ಬೆಯ ನೀಲಿಯನ್ನು ಚಿತ್ರದಲ್ಲಿ ನೋಡಿದರೆ ಸಪ್ಪೆ ಅನಿಸುತ್ತದೆ, ಪಟ್ಟೆಯ ಆಡಂಬರ ಇಲ್ಲ. ಬೆಳಿಗ್ಗೆ ಬಿಸಿಲು ಬಿದ್ದಾಗ ಎದುರಿಗೆ ನಿಂತು ನೋಡಿದವರು ಮಾತ್ರ ಅದರ ಬೆಲೆ ಬಲ್ಲರು.

ಪ್ಯಾಂಥರ್ ಬಿಟ್ಟರೆ ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆ. ತಲೆಯ ಮೇಲೆ ಎತ್ತರದ ಶಿಖೆ ಇರುವುದರಿಂದ ಗುರುತು ಸುಲಭ. ಇದರಲ್ಲಿ ‘ಟ್ರಾನ್ಸ್‌ಲ್ಯುಸೆಂಟ್’ ಎಂಬ ತಳಿ ಇದೆ, ಮೈಯ ಅಲ್ಲಲ್ಲಿ ವರ್ಣದ್ರವ್ಯವೇ ಇಲ್ಲದೆ ಬಿಳಿ-ಗುಲಾಬಿ ತೇಪೆಗಳು ಕಾಣುತ್ತವೆ. ಇದನ್ನು ‘ಆಲ್ಬಿನೊ’ ಎಂದು ಹೇಳಿ ಮಾರುವವರ ಮಾತು ನಂಬಬೇಡಿ. ಪ್ಯಾಂಥರಿನಲ್ಲಿ ಊರಿಂದ ಬಂದ ಬಣ್ಣ, ಇದರಲ್ಲಿ ಸಾಕಿದವರ ಕೈಯಲ್ಲಿ ಆಯ್ದು ಬೆಳೆಸಿದ ಬಣ್ಣ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಮಡಗಾಸ್ಕರಿನದೇ ಪಾರ್ಸನ್ಸ್ ಗೋಸುಂಬೆ, ಕಿತ್ತಳೆ ಕಣ್ಣಿನದು, ಹಳದಿ ತುಟಿಯದು, ಎಲ್ಲರಿಗೂ ಕನಸು. ಅದರ ಮೊಟ್ಟೆ ಒಡೆಯಲು ಒಂದು ವರ್ಷದಿಂದ ಎರಡು ವರ್ಷದವರೆಗೂ ಬೇಕು, ತಂಪು ಹವೆ ಬೇಕು. ಕೀನ್ಯಾ ಗುಡ್ಡಗಾಡಿನ ಮೂರು ಕೊಂಬಿನ ಜಾಕ್ಸನ್ಸ್ ಗೋಸುಂಬೆಗೂ ರಾತ್ರಿ ಚಳಿ ಇರಲೇಬೇಕು. ಮುಂಬೈ ಮೇ ತಿಂಗಳಲ್ಲಿ ಇವೆರಡನ್ನೂ ಸಾಕುವುದೆಂದರೆ ಹಿಂಸೆ. ಬೇಡ.

ಹೆಜ್ಜೆ 3: ಕಾಗದ ಮೊದಲು, ಹಣ ಆಮೇಲೆ

ಬಾಗಲಕೋಟೆ ಕಡೆಯ ನಮ್ಮ ಹೊಲದ ಜಾಲಿ ಗಿಡದಲ್ಲಿ ಚಿಕ್ಕವನಿದ್ದಾಗ ನಾನು ಕಂಡ ಹಸಿರು ಗೋಸುಂಬೆ ಈ ನೆಲದ್ದೇ, ಕಮೀಲಿಯೊ ಜೈಲಾನಿಕಸ್. ಇಲ್ಲಿ ಮುಂಬೈಯಲ್ಲಿ ಅಕ್ಕಪಕ್ಕದವರು ಓತಿಕ್ಯಾತಕ್ಕೂ ಗೋಸುಂಬೆಗೂ ಸೇರಿಸಿ ‘ಸರಡಾ’ ಎನ್ನುತ್ತಾರೆ, ಅದರಿಂದ ಗೊಂದಲವೂ ಆಗುತ್ತದೆ. ನಮ್ಮ ನೆಲದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲ ಅಪರಾಧ. ‘ಊರಿನಿಂದ ತಂದಿದ್ದೀನಿ, ಕಡಿಮೆಗೆ ಕೊಡ್ತೀನಿ’ ಎನ್ನುವವನ ಹತ್ತಿರ ನಿಂತು ಮಾತಾಡಲೂ ಹೋಗಬೇಡಿ.

ವಿದೇಶಿ ಗೋಸುಂಬೆಗಳ ಕತೆ ಬೇರೆ. ಮೇಲೆ ಹೇಳಿದ ಪ್ಯಾಂಥರ್, ವೇಲ್ಡ್, ಪಾರ್ಸನ್ಸ್, ಜಾಕ್ಸನ್ಸ್ ಎಲ್ಲವೂ ಸೈಟಿಸ್ ಒಪ್ಪಂದದ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಎರಡನೇ ಅನುಬಂಧದಲ್ಲಿವೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರೊಂದಿಗೆ ಸೈಟಿಸ್ ಪಟ್ಟಿಯ ಪ್ರಾಣಿಗಳು ನಾಲ್ಕನೇ ಅನುಸೂಚಿಗೆ ಸೇರಿದವು. ನಂತರ 2024ರ ಫೆಬ್ರವರಿಯಲ್ಲಿ ಜೀವಂತ ಪ್ರಾಣಿಗಳ ನೋಂದಣಿ ನಿಯಮಗಳು ಬಂದವು. ಆಗಲೇ ಸಾಕುತ್ತಿದ್ದವರಿಗೆ ಆರು ತಿಂಗಳ ಅವಧಿ ಕೊಟ್ಟಿದ್ದರು. ಈಗ ಹೊಸದಾಗಿ ತಂದರೆ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೆ ಅರ್ಜಿ ಹಾಕಬೇಕು. ಮರಿ ಹುಟ್ಟಿದರೆ, ಬೇರೆಯವರಿಗೆ ಕೊಟ್ಟರೆ, ಸತ್ತರೆ ಕೂಡ ಅಲ್ಲೇ ತಿಳಿಸಬೇಕು.

ಕೈಯಿಂದ ಕೈಗೆ ಬರುವ ಪ್ರಾಣಿಯಾದರೆ ಮಾರುವವರ ನೋಂದಣಿ ಪತ್ರ ಕೇಳಿ. ಅಂಗಡಿಯಾದರೆ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇರಬೇಕು, ಅದನ್ನೂ ಕೇಳಿ. ಹೊರದೇಶದಿಂದ ತರಿಸಿದ್ದಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ, ಆ ದೇಶದ ಸೈಟಿಸ್ ಪತ್ರ, ಪ್ರಾಣಿ ಕ್ವಾರಂಟೈನ್ ಪ್ರಮಾಣಪತ್ರ ಮೂರೂ ಇರಬೇಕು. ಬ್ಯಾಂಕಾಕಿನಿಂದ ಬಂದವರ ಬ್ಯಾಗಿನಲ್ಲಿ ಹಾವು, ಹಲ್ಲಿಗಳು ಸಿಕ್ಕ ಸುದ್ದಿ ಮುಂಬೈ ವಿಮಾನ ನಿಲ್ದಾಣದಿಂದ ಮತ್ತೆ ಮತ್ತೆ ಬರುತ್ತದೆ. ಕಾಲುಚೀಲದಲ್ಲಿ, ಡಬ್ಬಿಯಲ್ಲಿ ಸುತ್ತಿ ತಂದ ಆ ಪ್ರಾಣಿಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಕಾಗದ ಇಲ್ಲದ ಬಣ್ಣದ ಗೋಸುಂಬೆ ಎಷ್ಟೇ ಅಗ್ಗವಾದರೂ ಅದರ ಹಿಂದೆ ಅಂಥ ಒಂದು ಬ್ಯಾಗು ಇರಬಹುದು.

ಬೆಲೆ ಕೇಳಿ, ಒಪ್ಪಿ, ಮುಂಗಡ ಕೊಟ್ಟ ಮೇಲೆ ಕಾಗದ ಕೇಳಿದರೆ ‘ಆಮೇಲೆ ಕಳಿಸ್ತೀನಿ’ ಎಂಬ ಉತ್ತರ ಬರುತ್ತದೆ. ಆ ಆಮೇಲೆ ಬರುವುದಿಲ್ಲ.

ಹೆಜ್ಜೆ 4: ತಾಯಿಯ ಅಪ್ಪನ ಫೋಟೊ ಕೇಳಿ

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತೇವೆ. ಪ್ಯಾಂಥರ್ ಗೋಸುಂಬೆಯ ಹೆಣ್ಣನ್ನು ನೋಡಿ ವಂಶ ಹೇಳಲು ಹೋದರೆ ಮೋಸ ಹೋಗುತ್ತೀರಿ. ಯಾವ ಊರಿನ ಹೆಣ್ಣಾದರೂ ಬಣ್ಣ ಹೆಚ್ಚುಕಡಿಮೆ ಒಂದೇ: ತಿಳಿಗಂದು, ಮಾಸಲು ಗುಲಾಬಿ, ಪೀಚ್. ಅದರೊಳಗೆ ಯಾವ ಊರಿನ ರಕ್ತವಿದೆ ಎಂದು ಕಣ್ಣಿಗೆ ತಿಳಿಯದು. ಅದರ ಅಪ್ಪ ಮತ್ತು ಅಣ್ಣತಮ್ಮಂದಿರನ್ನು ನೋಡಿಯೇ ಊಹಿಸಬೇಕು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಗಂಡು ಅಂಬಾಂಜಾ. ಅದಕ್ಕೆ ಜೊತೆಯಾಗಿ ಒಬ್ಬ ಮಾರಾಟಗಾರರಿಂದ ‘ಅಂಬಾಂಜಾ ಹೆಣ್ಣು’ ತಂದೆ, ಅಪ್ಪನ ಫೋಟೊ ಕೇಳಲಿಲ್ಲ. ಮೊಟ್ಟೆಗಳನ್ನು ಎಂಟು ತಿಂಗಳು ಕಾದೆ, ಹದಿನೇಳು ಮರಿಗಳು ಹೊರಬಂದವು. ಐದನೇ ತಿಂಗಳಿಗೆ ಪಟ್ಟೆ ಮೂಡಿದಾಗ ಮೊದಲ ಅನುಮಾನ. ವರ್ಷ ತುಂಬಿದಾಗ ಗಂಡು ಮರಿಗಳ ಪಕ್ಕೆಯಲ್ಲಿ ಅಂಬಾಂಜಾದ ನೇರಳೆಯೂ ಇಲ್ಲ, ಇನ್ನೊಂದು ಊರಿನ ಕೆಂಪೂ ಇಲ್ಲ, ಇಟ್ಟಿಗೆ ಪುಡಿ ಕಲಸಿದ ಹಸಿರಿನಂಥ ಒಂದು ಬಣ್ಣ. ಮರಿಗಳು ಆರೋಗ್ಯವಾಗಿದ್ದವು, ನನಗೆ ಪ್ರೀತಿಯೂ ಇತ್ತು. ಆದರೆ ಊರಿನ ಹೆಸರು ಹೇಳಿ ಯಾರಿಗೂ ಕೊಡಲಿಲ್ಲ. ಒಂದೊಂದರ ಚೀಟಿಯ ಮೇಲೂ ‘ಮಿಶ್ರ’ ಎಂದೇ ಬರೆದೆ. ಹೀಗೆ ಬರೆಯದೆ ಬಿಟ್ಟರೆ ಅದರ ಹೆಣ್ಣು ಮರಿ ಮುಂದೆ ಇನ್ನೊಬ್ಬರ ಮನೆಯಲ್ಲಿ ಅಂಬಾಂಜಾ ಆಗಿ ಹೋಗುತ್ತದೆ.

ಊರಿನ ಶುದ್ಧತೆ ಸಂಗ್ರಹಕಾರರ ಹಟ ಮಾತ್ರ ಎಂದು ಭಾವಿಸಬೇಡಿ. 2015ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಡಗಾಸ್ಕರಿನ ಬೇರೆ ಬೇರೆ ಕಡೆಯ 324 ಪ್ಯಾಂಥರ್ ಗೋಸುಂಬೆಗಳ ರಕ್ತದ ಮಾದರಿ ಮತ್ತು ಫೋಟೊ ತೆಗೆದು ಹೋಲಿಸಿದ್ದಾರೆ. ಊರೂರಿನ ಗುಂಪುಗಳು ವಂಶವಾಹಿಯಲ್ಲೂ ಸ್ಪಷ್ಟವಾಗಿ ಬೇರೆ, ಒಂದೇ ಜಾತಿ ಎಂದುಕೊಂಡದ್ದು ಹನ್ನೊಂದು ಜಾತಿಗಳಿರಬಹುದು ಎಂದು ಅವರು ಹೇಳಿದರು. ಅಂದರೆ ಅಂಬಾಂಜಾ ಗಂಡಿಗೆ ತಮಟಾವ್ ಹೆಣ್ಣು ಕೂಡಿಸುವುದು ಬರಿಯ ಬಣ್ಣದ ಕಲಸುಮೇಲೋಗರವಲ್ಲ.

ಮಾರುವವರನ್ನು ಕೇಳಬೇಕಾದ್ದು ಇಷ್ಟು: ಅಪ್ಪ, ಅಮ್ಮ, ಅಮ್ಮನ ಅಪ್ಪ, ಸಾಧ್ಯವಾದರೆ ಅಪ್ಪನ ಅಣ್ಣತಮ್ಮಂದಿರ ಫೋಟೊ. ನೀವು ಕೊಳ್ಳುವ ಪ್ರಾಣಿಯದೇ ಮೂರು ವಿಡಿಯೊ, ಮೂರೂ ಅದರ ಸ್ವಂತ ಪಂಜರದಲ್ಲಿ, ಎಡಿಟ್ ಇಲ್ಲದೆ. ಒಂದು ಬೆಳಿಗ್ಗೆ ಎದ್ದ ತಕ್ಷಣ, ಒಂದು ತಿನ್ನುವಾಗ, ಒಂದು ರಾತ್ರಿ ಮಲಗಿದಾಗ. ಪ್ರಾಮಾಣಿಕ ತಳಿಗಾರರು ಮೂರನೆಯದನ್ನು ಕೇಳಿದಾಗ ಖುಷಿಪಡುತ್ತಾರೆ, ಬಂದವನಿಗೆ ವಿಷಯ ಗೊತ್ತಿದೆ ಎಂದು.

ಹೆಜ್ಜೆ 5: ಮರಿಯನ್ನು ಕಣ್ಣಾರೆ ನೋಡುವುದು

ಮೂರು ತಿಂಗಳಿಗಿಂತ ಚಿಕ್ಕದನ್ನು ತರಬೇಡಿ. ಆ ವಯಸ್ಸಿನಲ್ಲಿ ಎಲ್ಲವೂ ಕಂದು. ನಾಲ್ಕೈದು ತಿಂಗಳಿಗೆ ಬಣ್ಣ ಏರತೊಡಗಿ, ಒಂದರಿಂದ ಒಂದೂವರೆ ವರ್ಷಕ್ಕೆ ಪೂರ್ತಿ ಬರುತ್ತದೆ. ‘ಈ ಮರಿ ಮುಂದೆ ಕೆಂಪಾಗುತ್ತೆ’ ಎಂದು ಯಾರೂ ಖಾತ್ರಿ ಕೊಡಲಾರರು, ಒಂದೇ ಸೂಲಿನ ಅಂಬಿಲೊಬೆ ಗಂಡುಗಳಲ್ಲೇ ಒಂದು ಹಸಿರು ಮೈ, ಇನ್ನೊಂದು ಹಳದಿ ಮೈ ಆಗುವುದುಂಟು. ಬಣ್ಣವೇ ಮುಖ್ಯವಾದರೆ ಹೆಚ್ಚು ದುಡ್ಡು ಕೊಟ್ಟು ಹತ್ತು ತಿಂಗಳು ದಾಟಿದ ಗಂಡನ್ನೇ ತನ್ನಿ.

ಕಣ್ಣು ಮೊದಲು ನೋಡಿ. ಗೋಪುರದಂತೆ ಉಬ್ಬಿ ಎಡಬಲ ತಿರುಗುತ್ತಿರಬೇಕು. ಒಳಗೆ ಕುಸಿದಿದ್ದರೆ ನೀರಿಲ್ಲ, ಹಗಲಲ್ಲಿ ಮುಚ್ಚಿದ್ದರೆ ಕಾಯಿಲೆ. ಕಾಲಿನ ಮೂಳೆ ನೇರವಾಗಿರಬೇಕು, ಮೊಣಕೈ ಬಿಲ್ಲಿನಂತೆ ಬಾಗಿದ್ದರೆ ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಮೆತ್ತಗಾಗಿದೆ. ಬೆರಳ ಹಿಡಿತ ಬಿಗಿಯಾಗಿರಬೇಕು. ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ ಬಿಳಿಯಿರಬೇಕು, ಕಿತ್ತಳೆಯಾದರೆ ನೀರಡಿಕೆ. ನಿಮ್ಮ ಮುಂದೆಯೇ ಒಂದು ಹುಳ ಹಿಡಿಯುವಂತೆ ಕೇಳಿ. ನಾಲಿಗೆ ಗುರಿ ತಪ್ಪದೆ ಹೋದರೆ ಅರ್ಧ ಪರೀಕ್ಷೆ ಮುಗಿದಂತೆ.

ಹೆಜ್ಜೆ 6: ಮುಂಬೈ ಹವೆಗೆ ತಕ್ಕ ಮನೆ ಕಟ್ಟುವುದು

ಗೋಸುಂಬೆ ಮನೆಗೆ ಬರುವ ಎರಡು ವಾರ ಮೊದಲೇ ಪಂಜರ ಸಿದ್ಧವಿರಬೇಕು. ದೊಡ್ಡ ಗಂಡಿಗೆ ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರದ ಜಾಲರಿ ಪಂಜರ. ಮುಚ್ಚಿದ ಗಾಜಿನ ತೊಟ್ಟಿ ಈ ಊರಿನ ಸೆಕೆಗೆ ಆಗದು. ಮೇಲಿನ ಟೊಂಗೆ ನಿಮ್ಮ ಕಣ್ಣಿಗಿಂತ ಎತ್ತರದಲ್ಲಿರುವಂತೆ ಪಂಜರವನ್ನು ಸ್ಟೂಲಿನ ಮೇಲೆ ಏರಿಸಿ. ಮೇಲಿನಿಂದ ಬಗ್ಗಿ ನೋಡುವವರನ್ನು ಅದು ಗಿಡುಗ ಎಂದುಕೊಳ್ಳುತ್ತದೆ. ಒಳಗೆ ದಾಸವಾಳ, ಮನಿ ಪ್ಲಾಂಟ್, ಸಣ್ಣ ಎಲೆಯ ಫೈಕಸ್ ಇಡಿ. ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ, ಮಣ್ಣು ಬದಲಿಸಿ, ಎಲೆ ತೊಳೆದು, ಕೆಲವು ವಾರ ಹೊರಗಿಟ್ಟು ಆಮೇಲೆ ಒಳಗಿಡಿ.

ದೀಪದ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಉದ್ದ ಕೊಳವೆಯ ಟಿ5 ಯುವಿಬಿ (ಬಿಸಿಲಿನಲ್ಲಿರುವ ನೇರಳಾತೀತ ಕಿರಣ) ದೀಪ, 5 ಅಥವಾ 6 ಶೇಕಡದ್ದು, ಜಾಲರಿಯ ಮೇಲೆ. ಸುರುಳಿ ಬಲ್ಬು ಸಾಲದು. ವರ್ಷಕ್ಕೊಮ್ಮೆ ಬದಲಿಸಿ, ಬೆಳಕು ಉರಿಯುತ್ತಿದ್ದರೂ ಯುವಿಬಿ ಕುಂದಿರುತ್ತದೆ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಲ್ಲಿ ಯುವಿಬಿ ಉಳಿಯುವುದಿಲ್ಲ. ಬಾಲ್ಕನಿಯಲ್ಲಿ ಬೆಳಗಿನ ಎಳೆ ಬಿಸಿಲು ಅರ್ಧ ಗಂಟೆ ಕೊಟ್ಟರೆ ಬಣ್ಣ ನೋಡಲೇಬೇಕು. ಆದರೆ ಪಂಜರದ ಅರ್ಧಕ್ಕೆ ನೆರಳಿರಲಿ, ನೀವು ಪಕ್ಕದಲ್ಲೇ ಕೂತಿರಿ. ಮುಂಬೈ ಕಾಗೆಗಳು ಜಾಲರಿಯ ಮೇಲೆ ಬಂದು ಕೂರುವುದಕ್ಕೆ ಐದು ನಿಮಿಷ ಸಾಕು.

ಬಿಸಿಲು ಕಾಯುವ ಜಾಗ ಪ್ಯಾಂಥರಿಗೆ 29ರಿಂದ 31 ಡಿಗ್ರಿ ಸೆಲ್ಸಿಯಸ್, ಕೆಳಗಿನ ಭಾಗ ಅದಕ್ಕಿಂತ ತಂಪು, ರಾತ್ರಿ 24 ಅಥವಾ ಅದಕ್ಕಿಂತ ಕೆಳಗೆ. ಈ ಕೊನೆಯ ಅಂಕಿಯೇ ಮುಂಬೈಯಲ್ಲಿ ಕಷ್ಟ. ಏಪ್ರಿಲ್, ಮೇ ರಾತ್ರಿಗಳಲ್ಲಿ ಕೋಣೆ 28ರಿಂದ ಇಳಿಯುವುದಿಲ್ಲ. ರಾತ್ರಿ ತಂಪಿಲ್ಲದ ಗೋಸುಂಬೆ ಬೇಗ ಬೆಳೆದು ಬೇಗ ಮುದಿಯಾಗುತ್ತದೆ. ನಾವು ಆ ಎರಡು ತಿಂಗಳು ಪಂಜರವನ್ನು ಮಲಗುವ ಕೋಣೆಗೆ ತಂದು ಏಸಿಯನ್ನು 24ಕ್ಕೆ ಇಡುತ್ತೇವೆ, ಗಾಳಿ ನೇರ ಬೀಳದಂತೆ. ಏಸಿ ಹಾಕಿದ ರಾತ್ರಿ ಹವೆ ಒಣಗುವುದರಿಂದ ಮಲಗುವ ಮುನ್ನ ಎಲೆಗಳಿಗೆ ನೀರು ಸಿಂಪಡಿಸುತ್ತೇವೆ. ಹಗಲು ಕೋಣೆಯೇ 33 ದಾಟಿದರೆ ಬಿಸಿ ಬಲ್ಬನ್ನು ಪೂರ್ತಿ ಆರಿಸಿ. ಗೋಸುಂಬೆ ಬಾಯಿ ತೆರೆದು ಬಿಳಿಚಿ ಕೂತಿದ್ದರೆ ಸೆಕೆ ತಡೆಯದಾಗಿದೆ ಎಂದರ್ಥ.

ಮಳೆಗಾಲದಲ್ಲಿ ತೊಂದರೆ ತಿರುವುಮುರುವು. ತೇವಾಂಶ ಹಗಲು ರಾತ್ರಿ ಹೆಚ್ಚು, ಕೋಣೆಯೊಳಗೆ ಗಾಳಿ ನಿಂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಸಿಂಪಡಿಸುವುದನ್ನು ಬೆಳಿಗ್ಗೆ ಒಂದೇ ಸಲಕ್ಕೆ ಇಳಿಸಿ, ಕೋಣೆಯಲ್ಲಿ ಫ್ಯಾನು ಮೆಲ್ಲಗೆ ತಿರುಗಲಿ. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಒಣಗಿರಬೇಕು. ಒಣಗದಿದ್ದರೆ ಚರ್ಮಕ್ಕೆ ಬೂಷ್ಟು, ಶ್ವಾಸಕೋಶಕ್ಕೆ ಸೋಂಕು. ಇದೇ ಹೊತ್ತಿಗೆ ನಗರಪಾಲಿಕೆಯವರು ಸೊಳ್ಳೆಗೆ ಹೊಗೆ ಹಾಕಲು ಬರುತ್ತಾರೆ, ಆ ಸದ್ದು ಕೇಳಿದ ಕೂಡಲೆ ಕಿಟಕಿ ಮುಚ್ಚಿ. ಧೂಪ, ಕರ್ಪೂರ, ಒಗ್ಗರಣೆಯ ಮೆಣಸಿನ ಘಾಟು ಯಾವುದೂ ಪಂಜರದ ಕಡೆ ಹೋಗಬಾರದು.

ಪುಣೆಯವರಿಗೆ ಈ ತಾಪತ್ರಯ ಕಡಿಮೆ. ಅಲ್ಲಿ ರಾತ್ರಿ ತಾನಾಗಿ ತಂಪಾಗುತ್ತದೆ, ವೇಲ್ಡ್ ಗೋಸುಂಬೆಗೆ ಹೇಳಿ ಮಾಡಿಸಿದ ಊರು. ಡಿಸೆಂಬರಿನಲ್ಲಿ ಮಾತ್ರ ಗಾಳಿ ಒಣಗುತ್ತದೆ, ರಾತ್ರಿ ಮಂಜು ಯಂತ್ರ ಬೇಕಾಗುತ್ತದೆ.

ಗೋಸುಂಬೆ ಬಟ್ಟಲಿನ ನೀರು ಕುಡಿಯುವುದಿಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ನೆಕ್ಕುತ್ತದೆ. ಆಸ್ಪತ್ರೆಯ ಸಲೈನ್ ಪೈಪಿನಂತೆ ಹನಿ ಹನಿ ಬೀಳುವ ಏರ್ಪಾಡು ಮಾಡಿ.

ಊರಿನಿಂದ ನಮ್ಮವ್ವ ಬಂದಾಗ ಮೊದಲ ದಿನ ಬಾಗಿಲಲ್ಲೇ ನಿಂತು, ‘ಅಲ್ಲೋ ತಮ್ಮಾ, ಊಸರವಳ್ಳಿನ್ನ ಮನಿಯಾಗ ತಂದಿಟ್ಟೀಯಲ್ಲೋ’ ಎಂದು ಒಳಗೆ ಬರಲಿಲ್ಲ. ಮೂರನೇ ದಿನ ಅದು ಹನಿ ಕುಡಿಯುವುದನ್ನು ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು. ಈಗ ಫೋನಿನಲ್ಲಿ ನನಗಿಂತ ಮೊದಲು ಅದನ್ನೇ ವಿಚಾರಿಸುತ್ತಾಳೆ.

ಹೆಜ್ಜೆ 7: ಮೇವು

ಮಿಡತೆ, ಜೀರುಂಡೆ ಹೊರಗೆ ಹಿಡಿದು ಕೊಡಬೇಡಿ, ಔಷಧಿ ಸಿಂಪಡಿಸದ ಹುಲ್ಲು ಈ ನಗರದಲ್ಲಿ ಸಿಗುವುದು ಕಷ್ಟ. ಸಾಕಿದ ಕ್ರಿಕೆಟ್ ಹುಳ, ಬ್ಲಾಕ್ ಸೋಲ್ಜರ್ ನೊಣದ ಮರಿಹುಳ ಮುಖ್ಯ ಮೇವು. ಹುಳಕ್ಕೆ ಹಿಂದಿನ ದಿನ ನುಗ್ಗೆಸೊಪ್ಪು, ಕ್ಯಾರೆಟ್, ಕುಂಬಳ ತಿನ್ನಿಸಿ. ಪಾಲಕ್ ಬೇಡ, ಅದು ಕ್ಯಾಲ್ಸಿಯಂ ತಡೆಯುತ್ತದೆ. ರೇಷ್ಮೆ ಹುಳ ಸಿಕ್ಕರೆ ಅದಕ್ಕಿಂತ ಒಳ್ಳೆಯ ಮೆತ್ತನೆ ಮೇವಿಲ್ಲ, ಕಾಯಿಲೆಯಿಂದ ಎದ್ದ ಗೋಸುಂಬೆಯೂ ಅದನ್ನು ಬಿಡುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಬೆಳೆಯುವ ನಾಡಿನವರಾದ ನಮಗೆ ಇದು ದೊಡ್ಡ ಅನುಕೂಲ.

ಪ್ರತಿ ಸಲ ಹುಳಕ್ಕೆ ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಸವರಿ, ತಿಂಗಳಿಗೆ ಎರಡು ಸಲ ಮಾತ್ರ ಡಿ3 ಮತ್ತು ಬೇರೆ ವಿಟಮಿನ್ ಇರುವುದು. ಬಣ್ಣ ಹೆಚ್ಚಿಸುವ ಪುಡಿ ಎಂದು ಮಾರುವುದನ್ನು ತರಬೇಡಿ. ವಿಟಮಿನ್ ಎ, ಡಿ3 ಹೆಚ್ಚಾದರೆ ಕುತ್ತಿಗೆ ಊದಿಕೊಳ್ಳುತ್ತದೆ, ಒಳಗಿನ ಅಂಗಗಳು ಕೆಡುತ್ತವೆ. ದೊಡ್ಡ ಗಂಡಿಗೆ ದಿನ ಬಿಟ್ಟು ದಿನ ನಾಲ್ಕೈದು ಹುಳ ಸಾಕು.

ಹೆಜ್ಜೆ 8: ಎರಡನೆಯದನ್ನು ತರುವ ಮುನ್ನ

ಸಂಗ್ರಹ ಎಂದ ಮೇಲೆ ಒಂದಕ್ಕೆ ನಿಲ್ಲುವುದಿಲ್ಲ, ಗೊತ್ತು. ಗೋಸುಂಬೆ ಒಂಟಿ ಜೀವಿ. ಒಂದೊಂದಕ್ಕೆ ಒಂದೊಂದು ಪಂಜರ, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ನಡುವೆ ಹಲಗೆ. ಎದುರುಬದುರು ಇಟ್ಟರೆ ಎರಡೂ ದಿನವಿಡೀ ಜಗಮಗ ಹೊಳೆಯುತ್ತವೆ. ಬಂದವರು ಆಹಾ ಎನ್ನುತ್ತಾರೆ, ಗೋಸುಂಬೆಗಳು ತಿನ್ನುವುದು ಬಿಟ್ಟು ಸೊರಗುತ್ತವೆ. ಹೊಸದಾಗಿ ಬಂದದ್ದನ್ನು ಕನಿಷ್ಠ ಎರಡು ತಿಂಗಳು ಬೇರೆ ಕೋಣೆಯಲ್ಲಿಡಿ, ಸರೀಸೃಪ ನೋಡುವ ಪಶುವೈದ್ಯರಲ್ಲಿ ಹಿಕ್ಕೆ ಪರೀಕ್ಷೆ ಮಾಡಿಸಿ. ಮುಂಬೈಯ ಒಂದು ಬೆಡ್‌ರೂಮಿನ ಮನೆಯಲ್ಲಿ ಎರಡು, ಹೆಚ್ಚೆಂದರೆ ಮೂರು. ಅದಕ್ಕಿಂತ ಹೆಚ್ಚಿಗೆ ಹೋದವರ ಮನೆಯಲ್ಲಿ ನಾನು ನೋಡಿದ್ದು ಮಂಕು ಬಣ್ಣವನ್ನೇ.

ಹೆಣ್ಣನ್ನು ಅಗ್ಗ ಎಂದು ತರಬೇಡಿ. ಗಂಡಿಲ್ಲದಿದ್ದರೂ ಅದು ಮೊಟ್ಟೆ ಇಡುತ್ತದೆ. ಬಸಿರಾದ ಪ್ಯಾಂಥರ್ ಹೆಣ್ಣು ಕಪ್ಪುಗಂದಾಗಿ ಮೇಲೆ ಕಿತ್ತಳೆ-ಗುಲಾಬಿ ಪಟ್ಟೆ ತಳೆಯುತ್ತದೆ. ನೋಡಲು ಅದೂ ಒಂದು ಅಪರೂಪದ ಬಣ್ಣವೇ, ಆದರೆ ‘ಹತ್ತಿರ ಬರಬೇಡ’ ಎಂದು ಗಂಡಿಗೆ ಹೇಳುವ ಬಣ್ಣ. ಆಗ ಒಂದಡಿ ಆಳಕ್ಕೆ ತೇವದ ಮರಳು-ಮಣ್ಣು ತುಂಬಿದ ಬಕೆಟ್ ಒಳಗಿಡಿ. ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಹೆಣ್ಣು ಸಾಯುತ್ತದೆ. ಅದು ಅಗೆಯುವಾಗ ಪಂಜರಕ್ಕೆ ಬಟ್ಟೆ ಮುಚ್ಚಿ, ಇಣುಕಿ ನೋಡಿದರೆ ಅರ್ಧಕ್ಕೆ ಬಿಟ್ಟುಬಿಡುತ್ತದೆ.

ಮೊಟ್ಟೆಗಳನ್ನು ತಿರುಗಿಸದೆ ಎತ್ತಿ, ತೇವ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜ) ತುಂಬಿದ ಡಬ್ಬಿಯಲ್ಲಿ ಸುಮಾರು 24 ಡಿಗ್ರಿಯಲ್ಲಿಡಿ. ಮುಂಬೈಯ ಕೋಣೆಯ ಬಿಸಿ ಇವಕ್ಕೆ ಹೆಚ್ಚಾಯಿತು. ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯಬೇಕು. ಡಬ್ಬಿಯ ಮುಚ್ಚಳದ ಮೇಲೆ ಅಪ್ಪ, ಅಮ್ಮ, ಅಮ್ಮನ ಅಪ್ಪ, ಮೂರರ ಊರನ್ನೂ ಅಳಿಸದ ಶಾಯಿಯಲ್ಲಿ ಬರೆಯಿರಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಭಾನುವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ತಿಂಗಳ ಮೊದಲ ದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ಒಂದು ಫೋಟೊ. ನಮ್ಮ ಅಂಬಿಲೊಬೆಯ ಹದಿನೆಂಟು ಫೋಟೊಗಳನ್ನು ಸಾಲಾಗಿ ಇಟ್ಟರೆ ಏಳನೆಯದರಲ್ಲಿ ಪಕ್ಕೆಯ ಕಂದಿನೊಳಗಿಂದ ಮೊದಲ ನೀಲಿ ಗೆರೆ, ಬೆರಳಿನ ಉಗುರಿನಷ್ಟು ಉದ್ದ, ಏಳುತ್ತಿರುವುದು ಕಾಣುತ್ತದೆ. ಆ ತಿಂಗಳು ದಿನಾ ನೋಡುತ್ತಿದ್ದರೂ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.